ಹುಳುಮನೆಯಲ್ಲಿ ನಾನು ಆಡಿದ ಆಟ

ಆ ಹುಳುಗಳನ್ನು ಕೊಂದವನು ನಾನು, ಅತ್ತಿಗೆ. ನೀವಲ್ಲ. ನಿಮ್ಮ ಮುಟ್ಟಿನಿಂದಲ್ಲ, ನಿಮ್ಮ ಕೈಗುಣದಿಂದಲ್ಲ. ಕೈಯಲ್ಲಿ ಗೇಮ್ ಹಿಡಿದುಕೊಂಡು, ಕಾಲ ಬಳಿ ಸೊಳ್ಳೆ ಬತ್ತಿ ಹಚ್ಚಿಟ್ಟುಕೊಂಡು ನಾನು ಕೊಂದೆ. ಹದಿಮೂರು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ಉಂಡೆ, ನಿದ್ದೆ ಮಾಡಿದೆ, ಮದುವೆಯೂ ಆದೆ.

ಅತ್ತಿಗೆ ಎಂದು ಕರೆಯುವ ಹಕ್ಕು ಈಗ ನನಗಿಲ್ಲ. ಅಣ್ಣನಿಗೆ ಬೇರೆ ಹೆಂಡತಿ ಇದ್ದಾರೆ, ಎರಡು ಮಕ್ಕಳಿದ್ದಾರೆ. ಆದರೂ ನಿಮ್ಮನ್ನು ಇನ್ನೇನೆಂದು ಕರೆಯಲಿ — ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಯಳಂದೂರು ರಸ್ತೆಯ ನಮ್ಮೂರಿಗೆ ನೀವು ಕೌದಳ್ಳಿಯಿಂದ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಿದ್ದೆ, ಅಂದರೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಿಮ್ಮ ತಮ್ಮ ಹನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಬಾರದೇ ಹೋದ ಅಂಗೈಯಗಲದ ಒಂದು ವಿಡಿಯೋ ಗೇಮನ್ನು ಅವನು ನಿಮಗೆ ಕೊಟ್ಟಿದ್ದ. ನೀವು ಅದನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಂದಿರಿ. ಒಂದೇ ಒಂದು ಆಟವಿತ್ತು ಅದರಲ್ಲಿ, ಕಾರಿನ ರ‍್ಯಾಲಿ. ಕೆಸರಿನ ದಾರಿ, ಕಲ್ಲು ದಾರಿ, ನಾವು ಯಾವತ್ತೂ ಕಾಣದ ಹಿಮದ ದಾರಿ. ಕಾರಿನೊಳಗೆ ಪಕ್ಕದಲ್ಲಿ ಕೂತವನು ಮುಂದಿನ ತಿರುವನ್ನು ಕೂಗಿ ಹೇಳಬೇಕಂತೆ, ಆದರೆ ಅದರ ಸ್ಪೀಕರ್ ಸತ್ತು ಹೋಗಿತ್ತು. ಆ ಕೆಲಸ ನೀವೇ ಮಾಡುತ್ತಿದ್ದಿರಿ. ನಾನು ಓಡಿಸಬೇಕು, ನೀವು ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಲೇ ಹೇಳಬೇಕು.

"ಎಡಕ್ಕೆ, ಮೆತ್ಗೆ. ಈಗ ಬಲಕ್ಕೆ — ಪೂರ್ತಿ ತಿರುಗ್ಸು. ಬ್ರೇಕ್ ಇಡೀಬ್ಯಾಡ ಕಣೋ, ಸ್ಪೀಡ್ ಬುಡು ಸಾಕು, ಅದೇ ತಿರೀಕತದೆ."

ಬೆಟ್ಟದ ದಾರಿಯ ಬಸ್ಸುಗಳನ್ನು ನೋಡಿಕೊಂಡು ಬೆಳೆದವರು ನೀವು. ದಾರಿ ನಿಮಗೆ ಒಂದು ಸಲಕ್ಕೇ ಬಾಯಿಪಾಠ. ಡಿಗ್ರಿ ಓದುವ ನಾನು ಮರಕ್ಕೆ ಗುದ್ದುತ್ತಿದ್ದೆ, ಏಳನೇ ತರಗತಿಗೆ ಬಿಟ್ಟ ನೀವು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಿರಿ. ಆ ಮನೆಯಲ್ಲಿ ನೀವು ನಕ್ಕದ್ದು ಅಷ್ಟೇ ಇರಬೇಕು.

ಅವ್ವನಿಗೆ ಆ ಗೇಮನ್ನು ಕಂಡರಾಗುತ್ತಿರಲಿಲ್ಲ. "ಬಾವಿಗ್ ಎಸೀತೀನಿ" ಅಂದಿದ್ದಳು. ಅದಕ್ಕೇ ನಾನು ಹುಳುಮನೆಯನ್ನು ಆರಿಸಿಕೊಂಡೆ. ರೇಷ್ಮೆ ಹುಳು ಇರುವ ಮನೆಗೆ ಯಾರೂ ಸುಮ್ಮಸುಮ್ಮನೆ ನುಗ್ಗುವುದಿಲ್ಲ. ಕೈಕಾಲು ತೊಳೆಯಬೇಕು, ಮಡಿಯಲ್ಲಿರಬೇಕು, ಮುಟ್ಟಾದವರು ಹೊಸ್ತಿಲ ಹತ್ತಿರವೂ ಸುಳಿಯಬಾರದು. ಸೊಪ್ಪು ಹಾಕುವ ಕೆಲಸ ನಾನೇ ಮಾಡುತ್ತೇನೆ ಅಂದಾಗ ಮಗನಿಗೆ ಬುದ್ಧಿ ಬಂತು ಎಂದು ಅವ್ವ ಹಿಗ್ಗಿದಳು.

ಆ ದಿನ ಹುಳು ನಾಲ್ಕನೇ ಜ್ವರ ಬಿಟ್ಟು, ಕೊನೆಯ ಪೊರೆ ಕಳಚಿ ಎದ್ದಿದ್ದವು. ಇನ್ನು ಆರೇಳು ದಿನ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟುತ್ತವೆ. ಅಣ್ಣ, ಅವ್ವ ಸೊಪ್ಪು ಕೊಯ್ಯಲು ಹೋಗಿದ್ದರು. ಮಧ್ಯಾಹ್ನವೇ ಮೋಡ ಕವಿದು ಒಳಗೆ ಸೊಳ್ಳೆ ಮುತ್ತಿದ್ದವು. ನಾನು ಆಟದ ಕೊನೆಯ ಹಿಮದ ದಾರಿಗೆ ಬಂದಿದ್ದೆ. ಅಲ್ಲಿ ಸೋತರೆ ಹಿಂದೆ ಗೆದ್ದ ದಾರಿಗಳೆಲ್ಲ ವ್ಯರ್ಥ, ಮೊದಲಿನಿಂದ ಶುರು ಮಾಡಬೇಕು. ಎರಡೂ ಕೈ ಗುಂಡಿಗಳ ಮೇಲೆ, ಸೊಳ್ಳೆ ಹೊಡೆಯಲು ಮೂರನೇ ಕೈ ಇಲ್ಲ — ಎದ್ದು ಹೋಗಿ ಮನೆಯ ಕಿಟಕಿಯಲ್ಲಿದ್ದ ಸೊಳ್ಳೆ ಬತ್ತಿ ತಂದು ಹಚ್ಚಿದೆ.

ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಹುಳು ಸಾಕುವ ಮನೆಯಲ್ಲಿ ಆ ಹೊಗೆ ವಿಷ ಎನ್ನುವುದು ನಮ್ಮ ಕಡೆ ನಡೆಯಲು ಕಲಿತ ಮಗುವಿಗೂ ಗೊತ್ತು. ಹತ್ತು ನಿಮಿಷಕ್ಕೆ ಏನಾಗುತ್ತದೆ ಅಂದುಕೊಂಡೆ. ಹತ್ತು ನಿಮಿಷ ಒಂದು ಗಂಟೆಯಾಯಿತು.

ಕೊನೆಗೂ ಆ ಇಳಿಜಾರಿನ ತಿರುವು ನನ್ನಿಂದ ಆಗುವುದಿಲ್ಲ ಅನ್ನಿಸಿತು. ಆಟವನ್ನು ಅಲ್ಲಿಗೇ ತಡೆದಿಟ್ಟೆ. ಬತ್ತಿಯನ್ನು ಹೊರಗೆ ಗೊಬ್ಬರದ ಗುಂಡಿಗೆ ಎಸೆದು ಬಂದು ನಿಮ್ಮನ್ನು ಕರೆದೆ. ನೀವು ಹಿತ್ತಲ ಜಗಲಿಯಲ್ಲಿ ಬೇರೆ ಕೂತಿದ್ದಿರಿ.

"ಮುಟ್ಟಾಗಿವ್ನಿ ಕಣೋ ಮಾದೇಸ, ಅಲ್ಲಿಗ್ ಬರ್ಬಾರ್ದು."

"ಯಾರೂ ಇಲ್ಲ ಬನ್ನಿ ಅತ್ತಿಗೆ, ಎರಡೇ ನಿಮಿಸ" ಅಂದೆ. ಆಟ ಹೊರಗೆ ತರಬಹುದಿತ್ತು. ಹತ್ತು ಹೆಜ್ಜೆ. ಆದರೆ ಅವ್ವ ಬಂದರೆ ಕಂಡುಬಿಡುತ್ತಾಳೆ ಎನ್ನುವ ಹೆದರಿಕೆ — ನನ್ನ ಹೆದರಿಕೆಗೆ ನಿಮ್ಮನ್ನು ಒಳಗೆ ಕರೆದೆ. ನೀವು ಬಾಗಿಲಲ್ಲಿ ಅರೆಗಳಿಗೆ ನಿಂತು, ಆಮೇಲೆ ಬಂದಿರಿ. "ಏನ್ಲಾ ಇದು ಗಾಟು?" ಅಂದಿರಿ. ಪಕ್ಕದವರು ಕಸ ಸುಡುತ್ತಿದ್ದಾರೆ ಅಂದೆ. ನೀವು ನಂಬಿದಿರಿ. ಕಾರನ್ನು ಗುರಿ ಮುಟ್ಟಿಸಿ, ನಕ್ಕು, ಹೊರಟುಹೋದಿರಿ.

ಸಂಜೆಗೆ ಹುಳುಗಳು ತಲೆ ಎತ್ತಿ ಆಡಿಸತೊಡಗಿದವು. ಬಾಯಿಂದ ಹಸಿರು ನೀರು. ಬೆಳಗಾಗುವಷ್ಟರಲ್ಲಿ ತಟ್ಟೆ ತಟ್ಟೆಯಲ್ಲೂ ಹುಳು ಮುದುಡಿ ಸತ್ತಿದ್ದವು. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಅಣ್ಣ ಮಾತ್ರ ಗಾಬರಿಯಾಗದೆ ಒಂದು ಡಬ್ಬಿ ತಂದ.

"ಯಾರೋ ಪಕ್ಕದ್ ಒಲ್ದೋರು ಔಸ್ದಿ ಒಡ್ದವ್ರೆ ಕಣವ್ವ, ಸೊಪ್ಪಿಗ್ ಬಿದ್ದದೆ. ಒಂದಷ್ಟ್ ಉಳ ಕೊಳ್ಳೇಗಾಲದ್ ರೇಸ್ಮೆ ಆಫೀಸಿಗ್ ತಕಂಡೋಯ್ತೀನಿ. ಸಾಹೇಬ್ರು ನೋಡುದ್ರೆ ಏನಾಯ್ತು ಅಂತ ಯೋಳ್ತಾರೆ."

ಆಫೀಸಿನವರು ನೋಡಿದರೆ ವಿಷ ಅನ್ನುತ್ತಾರೆ, ಹೊಗೆ ಅನ್ನುತ್ತಾರೆ, ಆಮೇಲೆ ಒಳಗೆ ಕೂತಿದ್ದವನು ಯಾರು ಅನ್ನುತ್ತಾರೆ. ಅಷ್ಟರಲ್ಲಿ ಅವ್ವ ನನ್ನ ಕಡೆ ತಿರುಗಿದಳು. "ನಿನ್ ಬುಟ್ಟು ಒಳಕ್ಕೆ ಯಾರ್ಲಾ ಓಗಿದ್ದೋರು?"

"ಅತ್ತಿಗೆ ಓಗಿದ್ರು" ಅಂದೆ.

ಅದು ಸುಳ್ಳಲ್ಲ. ಎಷ್ಟು ವರ್ಷ ಅದನ್ನೇ ಹಿಡಿದುಕೊಂಡೆ — ಸುಳ್ಳು ಹೇಳಲಿಲ್ಲವಲ್ಲ, ಸುಳ್ಳು ಹೇಳಲಿಲ್ಲವಲ್ಲ ಎಂದು. ಥೂ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಧೈರ್ಯ ಬೇಕು, ನನಗೆ ಅದೂ ಇರಲಿಲ್ಲ.

ಅವ್ವ ನಿಮ್ಮನ್ನು ಅಂಗಳಕ್ಕೆ ಕರೆಸಿದಳು. "ಏನವ್ವಾ, ಓಗಿದ್ಯಾ?" ನೀವು ನನ್ನನ್ನು ನೋಡಲಿಲ್ಲ. ನೆಲ ನೋಡಿಕೊಂಡು, "ಓಗಿದ್ದೆ ಅತ್ತೆ" ಅಂದಿರಿ. ಮಾದೇಶ ಕರೆದ ಎಂದು ಒಂದು ಮಾತು ಹೇಳಿದ್ದರೆ — ಹೇಳಲಿಲ್ಲ. ಅಣ್ಣ ಡಬ್ಬಿಯನ್ನು ಕೆಳಗಿಟ್ಟ. ಯಾವ ಆಫೀಸಿಗೂ ಯಾರೂ ಹೋಗಲಿಲ್ಲ.

ಆಮೇಲಿನದು ನಿಮಗೆ ಗೊತ್ತು, ಆದರೂ ಬರೆಯಬೇಕು. ಅವ್ವ ನಿಮ್ಮನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನಿಮ್ಮ ಕೈಯಿಂದ ಏನನ್ನೂ ತೆಗೆದುಕೊಳ್ಳುವುದನ್ನು ಬಿಟ್ಟಳು. ಬಿತ್ತನೆ ಕಾಳು ಮುಟ್ಟಬೇಡ, ಹಸು ಈಯುವಾಗ ಕೊಟ್ಟಿಗೆಗೆ ಬರಬೇಡ. ಬರಬರುತ್ತಾ ಯಾರೂ ಹೇಳದೆಯೇ ನೀವು ಹಿಂದೆ ಸರಿಯತೊಡಗಿದಿರಿ. ಮೂರು ತಿಂಗಳ ಬಸಿರು ನಿಲ್ಲದೇ ಹೋದಾಗ ಅವ್ವ ಏನೋ ಅಂದಳು, ಅದನ್ನು ಇಲ್ಲಿ ಬರೆಯಲಾರೆ. ನಾನು ಪಕ್ಕದ ಕೋಣೆಯಲ್ಲಿದ್ದೆ, ಕೇಳಿಸಿತು. ನೀವು ಎದುರಾಡಲಿಲ್ಲ, ಯಾಕೆಂದರೆ ನೀವೂ ಹಾಗೆಯೇ ನಂಬಿದ್ದಿರಿ. ಆರೈಕೆಗೆಂದು ಕೌದಳ್ಳಿಗೆ ಹೋದಿರಿ, ಕರೆಯಲು ಯಾರೂ ಬರಲಿಲ್ಲ. ಹಿರಿಯರು ಕೂತು ನಿಮಗೂ ಅಣ್ಣನಿಗೂ ಬಿಡುಗಡೆ ಮಾಡಿಸಿದ ದಿನ ಬಂದವರಿಗೆಲ್ಲ ಟೀ ಹಂಚಿದವನು ನಾನು.

ಹೋದ ತಿಂಗಳು ಹೆಂಡತಿ, ಮಗುವಿನ ಜೊತೆ ದೇವರ ದರ್ಶನಕ್ಕೆಂದು ಬೆಟ್ಟಕ್ಕೆ ಹೋಗುವಾಗ ಬಸ್ಸು ಕೌದಳ್ಳಿಯಲ್ಲಿ ನಿಂತಿತು. ನಿಮ್ಮ ಟೈಲರ್ ಅಂಗಡಿ ಎದುರಿಗೇ ಇತ್ತು. ನೀವೇ ಗುರುತು ಹಿಡಿದು ಬಂದು, "ಚೆಂದಾಗಿದ್ಯಾ ಮಾದೇಸ?" ಅಂದಿರಿ. ಯಾವ ಕೋಪವೂ ಇಲ್ಲದೆ. ನನ್ನ ಹೆಂಡತಿ, ಏನೂ ಅರಿಯದವಳು, ಮಗುವನ್ನು ನಿಮ್ಮ ಕಡೆ ಚಾಚಿದಳು. ನೀವು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ.

"ಬ್ಯಾಡ ಕಣವ್ವಾ, ನನ್ ಕೈಗುಣ ಚೆಂದಾಗಿಲ್ಲ. ಮಗೀಗ್ ಏನಾರ ಆದಾತು."

ಅವಳು ತಮಾಷೆ ಅಂದುಕೊಂಡು ನಕ್ಕಳು. ನಾನು ಅಲ್ಲೇ ಹೇಳಬಹುದಿತ್ತು. ಬಸ್ಸು ಹೊರಡುತ್ತದೆ ಅಂತ ಹೇಳಿ ಹತ್ತಿಬಿಟ್ಟೆ.

ನಿನ್ನೆ ಅವ್ವನನ್ನೂ ಅಣ್ಣನನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಅಣ್ಣ ಉಣ್ಣುತ್ತಿದ್ದವನು ಕೈ ತೊಳೆದು ಎದ್ದು ಹೋದ. ಅವ್ವ, "ಆ ಎಣ್ಮಗ ಕೊಟ್ಟ ಒಂದ್ ಲೋಟ ನೀರ್ನೂ ಇಸ್ಕಳ್ನಿಲ್ವಲ್ಲೋ ನಾನು" ಅಂದಳು. ಆಮೇಲೆ, ಕರೆದದ್ದು ನೀನು ಅಂತ ಅವಳು ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿದಳು.

ಇದರಿಂದ ನಿಮ್ಮ ಹದಿಮೂರು ವರ್ಷ ವಾಪಸು ಬರುವುದಿಲ್ಲ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಊರವರ ಮುಂದೆ ನಿಮ್ಮ ಮೇಲೆ ಹೊರಿಸಿದ ತಪ್ಪು ನನ್ನದೆಂದು ನಿಮ್ಮ ಬೀದಿಯವರ ಮುಂದೆಯೇ ನಿಂತು ಹೇಳುತ್ತೇನೆ. ಬಂದವರನ್ನು ಕೂರಿಸಿ ಕಾಫಿ ಕೊಡದೆ ಕಳಿಸುವವರಲ್ಲ ನೀವು. ನನ್ನನ್ನು ಮಾತ್ರ ಕೂತ್ಕೋ ಅನ್ನಬೇಡಿ, ಅತ್ತಿಗೆ.