ಶುಕ್ರವಾರದೊಳಗೆ ಒಂದು ವೆಂಡ್ ದನಿ

ಫ್ರಿತ್ಸೊ ಲಾಪನ್‌ಗೆ ನುಡಿ ಸಂಗ್ರಹದ ಕಚೇರಿ ಸಂಬಳ ಕೊಡುತ್ತಿದ್ದುದು ಬೇರೆಯವರ ಮಾತು ಕೇಳಿಸಿಕೊಳ್ಳುವುದಕ್ಕೆ. ಮನೆಯಲ್ಲಿ ಯಾರ ಮಾತನ್ನೂ ಕೇಳದವನಿಗೆ ಇದು ತಕ್ಕ ಶಿಕ್ಷೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೆಗಲಿಗೆ ರೆಕಾರ್ಡರ್ ತಗುಲಿಸಿಕೊಂಡು ಜರ್ಮನಿಯ ಪೂರ್ವದಂಚಿನ ಲುಸಾತಿಯಾದ ಹನ್ನೊಂದು ಹಳ್ಳಿ ಸುತ್ತಿದರೂ ಅಲ್ಲಿನ ಹಿರಿಯರ ಸ್ಲಾವ್ ನುಡಿಯ ಒಂದೇ ಒಂದು ದನಿ ಸಿಕ್ಕಿರಲಿಲ್ಲ. ಶುಕ್ರವಾರದೊಳಗೆ ಸಿಗದಿದ್ದರೆ ಕೆಲಸ ಹೋಗುತ್ತಿತ್ತು. ಅಂದು ಗುರುವಾರ.

ಹನ್ನೆರಡನೆಯ ಹಳ್ಳಿಯಲ್ಲಿ ಲೇನಾಜ್ಜಿ ಎಂಬ ಮುದುಕಿ ಬೇಲಿಯಾಚೆಯ ನೆರೆಯವಳನ್ನು ಅದೇ ನುಡಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು! ಫ್ರಿತ್ಸೊ ಓಡಿಹೋಗಿ, ಎಲ್ಲ ಊರಲ್ಲೂ ಕೇಳಿದಂತೆ ಜರ್ಮನ್‌ನಲ್ಲಿ ಕೇಳಿದ: “ಅಜ್ಜಿ, ನೀವು ಸೋರ್ಬಿಯನ್ ಮಾತಾಡ್ತೀರಾ?”

“ಇಲ್ಲಪ್ಪ. ಅದು ಆಫೀಸಿನವರ ಕಾಗದದ ಹೆಸರು. ನಾವು ವೆಂಡರು.”

“ಮತ್ತೆ ಈಗ ಬೇಲಿ ಹತ್ರ ಆಡ್ತಿದ್ರಲ್ಲ, ಅದು?”

“ಅದು ಬೈಗುಳ.”

ಸುತ್ತಲಿನ ಜರ್ಮನರು ನೂರಾರು ವರ್ಷ ನೆರೆಯ ಸ್ಲಾವ್ ಜನರನ್ನೆಲ್ಲ ವೆಂಡರೆಂದೇ ಕರೆದವರು, ಎಷ್ಟೋ ಸಲ ಮೂಗು ಮುರಿದು. ಎರಡನೆಯ ಮಹಾಯುದ್ಧದ ನಂತರ ಸರ್ಕಾರ ಸೋರ್ಬರೆಂದು ಬರೆಯಿತು. ಅಷ್ಟರಲ್ಲಿ ಅಜ್ಜಿಯಂಥವರು ಹಳೆಯ ಹೆಸರನ್ನೇ ಒಗೆದು ಒಣಗಿಸಿ ಉಟ್ಟುಕೊಂಡಿದ್ದರು, ಬಿಚ್ಚಲು ಒಪ್ಪಲಿಲ್ಲ. ಅವರ ಸ್ವಂತ ನುಡಿಯೊಳಗೆ ಮಾತ್ರ ಈ ತಕರಾರಿಲ್ಲ, ಅಲ್ಲಿ ಇರುವುದು ಒಂದೇ ಹೆಸರು: ಸೆರ್ಬ್ಸ್ಕಿ. ಇದು ಫ್ರಿತ್ಸೊಗೆ ಗೊತ್ತಿಲ್ಲದ್ದೇನಲ್ಲ. ಆದರೆ ಶಾಲೆಯಲ್ಲಿ ಕಲಿತ ನುಡಿಯನ್ನು ಹಿರಿಯರೆದುರು ಆಡಿದರೆ ನಕ್ಕಾರೆಂಬ ಅಳುಕು. ಹಾಗಾಗಿ ಹನ್ನೊಂದೂ ಊರಲ್ಲಿ ಜರ್ಮನ್ ನುಡಿಯ ಹಿಂದೆ ಅಡಗಿದ್ದ.

ಅಜ್ಜಿ ಸೌತೆಕಾಯಿ ಪೀಪಾಯಿಗೆ ಸಬ್ಬಸಿಗೆ ತುರುಕತೊಡಗಿದಳು. ಇನ್ನು ಹೊರಡು ಎಂದರ್ಥ. ನಗುವುದಾದರೆ ನಗಲಿ, ಕೆಲಸ ಕಳೆದುಕೊಂಡರೂ ಜನ ನಗುವವರೇ ಎಂದುಕೊಂಡು ಫ್ರಿತ್ಸೊ ಕಣ್ಣು ಮುಚ್ಚಿ ಹರಕುಮುರುಕು ಸೆರ್ಬ್ಸ್ಕಿಯಲ್ಲಿ ಕೇಳಿಯೇಬಿಟ್ಟ: “ಅಜ್ಜಿ, ಇದಕ್ಕೆ ಉಪ್ಪು ಎಷ್ಟು ಹಾಕ್ತೀರಿ?”

ಅಜ್ಜಿಯ ಕೈ ನಿಂತಿತು.

“ಅಯ್ಯಯ್ಯೋ! ಯಾರೋ ನಿಂಗೆ ಕಲಿಸಿದ್ದು? ಪುಸ್ತಕ ನುಂಗಿದ ಬಾತುಕೋಳಿ ಹಾಗೆ ಕೂಗ್ತೀಯಲ್ಲೋ!” ಅಂದದ್ದು ಅದೇ ನುಡಿಯಲ್ಲಿ! “ಏ ವೊರ್ಶುಲಾ, ಬಾರೇ ಬೇಗ, ಈ ಹುಡುಗ ನಮ್ಮ ಮಾತು ಆಡ್ತಾನೆ ಕಣೇ!”

ಈಗಷ್ಟೇ ಬೈಸಿಕೊಂಡಿದ್ದ ನೆರೆಯ ವೊರ್ಶುಲಾ ಸೌಟು ಹಿಡಿದೇ ಓಡಿಬಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ವಾಕ್ಯವನ್ನು ಬಿಚ್ಚಿ ಮರಳಿ ಹೊಲಿದರು.

“ಎರಡು ಹಿಡಿ ಉಪ್ಪು ಕಣಪ್ಪ,” ಎಂದಳು ವೊರ್ಶುಲಾ.

“ಅದಕ್ಕೇ ನಿನ್ನ ಗಂಡ ನಮ್ಮನೇಲಿ ಊಟ ಮಾಡೋದು!” ಎಂದಳು ಲೇನಾಜ್ಜಿ.

ಫ್ರಿತ್ಸೊ ರೆಕಾರ್ಡರ್‌ನ ಗುಂಡಿ ಒತ್ತಿದ. ಕೆಂಪು ದೀಪ ಉರಿಯುತ್ತಿದೆಯೇ ಎಂದು ಮೂರು ಸಲ ನೋಡಿದ. ಉರಿಯುತ್ತಿತ್ತು! ಒಂದೂವರೆ ಗಂಟೆ ಅವರ ಜಗಳ ನಿಲ್ಲಲಿಲ್ಲ.

ಮರುದಿನ ಅವನು ಕಚೇರಿಗೆ ಒಪ್ಪಿಸಿದ್ದು ಎರಡು ದನಿ. ಜೊತೆಗೆ ನಡುನಡುವೆ ಪೆಚ್ಚುಪೆಚ್ಚಾಗಿ ಹೂಂಗುಟ್ಟುವ ಮೂರನೆಯದೊಂದು.