ಕೊಂಡೆಕ್ಕದ ದೀಪ

ನಮ್ಮ ಮನೆಯಲ್ಲಿ ದೀಪ ಆರಿತು ಎಂದು ಯಾರೂ ಹೇಳುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ಮುಳಬಾಗಿಲಿನಲ್ಲಿ ಅಡುಗೆಮನೆಯ ಮಾತು ಕನ್ನಡ, ಜಗಲಿಗೆ ಬಂದರೆ ತೆಲುಗು. ದೀಪದ ವಿಷಯದಲ್ಲಿ ಮಾತ್ರ ಒಳಗೂ ಹೊರಗೂ ತೆಲುಗೇ. ಎಣ್ಣೆ ತೀರಿ ಬತ್ತಿ ಕಪ್ಪಾದರೆ ಅಮ್ಮ "ದೀಪಂ ಕೊಂಡೆಕ್ಕಿಂದಿ" ಅನ್ನುತ್ತಿದ್ದರು. ದೀಪ ಬೆಟ್ಟ ಹತ್ತಿತು, ಅಷ್ಟೆ. ಆರುವುದು, ನಂದುವುದು ಎಂಬ ಮಾತು ಮನೆಯ ಮನುಷ್ಯರಿಗೆ ತಗಲೀತು ಎಂಬ ಭಯ. ನನ್ನ ಗಂಡ ಹೋದ ಸಂಜೆಯ ಬಗ್ಗೆ ಬರೆಯಲು ಕೂತರೆ ಮೊದಲು ಈ ಮಾತೇ ನೆನಪಾಗುತ್ತದೆ.

ಅವರು ಶ್ರೀನಿವಾಸಪುರದ ಹತ್ತಿರ ಮಾವಿನ ತಿರುಳು ತೆಗೆಯುವ ಕಾರ್ಖಾನೆಯ ಯಜಮಾನರ ಬಳಿ ಡ್ರೈವರಾಗಿದ್ದರು. ಮೊದಲು ಲಾರಿ, ಆಮೇಲೆ ಜೀಪು, ಆಮೇಲೆ ಮನೆಯವರ ಕಾರು. ಮನೆಯಲ್ಲಿ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ, ಗಾಡಿಯ ಹತ್ತಿರ ಹೋದರೆ ಬೇರೆಯವರೇ ಆಗಿಬಿಡುತ್ತಿದ್ದರು. ಹತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು, ಚಕ್ರಗಳಿಗೆ ಚಪ್ಪಲಿ ಕಾಲಿನಿಂದ ಒಂದೊಂದು ಒದೆ, ಕನ್ನಡಿ ಒರೆಸಿ ಆಮೇಲೆ ಕೂರುವುದು. ಈ ಕ್ರಮ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ.

"ದೇವಸ್ಥಾನಕ್ಕೆ ಇಷ್ಟು ಸುತ್ತಿದ್ರೆ ಪುಣ್ಯನಾದ್ರೂ ಬರ್ತಿತ್ತು" ಎಂದು ನಾನು ಛೇಡಿಸುತ್ತಿದ್ದೆ.

"ದೇವರು ಬ್ರೇಕ್ ಹಾಕಲ್ಲ ಕಣೇ, ನಾನೇ ಹಾಕ್ಬೇಕು" ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಾವು ಚೆನ್ನಾಗಿ ಕೈಹಿಡಿದ ಒಂದು ಬೇಸಿಗೆಯಲ್ಲಿ ಯಜಮಾನರು ಬೆಂಗಳೂರಿನಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಎರಡೇ ಬಾಗಿಲು, ಹಿಂದೆ ಒಬ್ಬರು ಮಡಿಚಿಕೊಂಡು ಕೂರುವಷ್ಟು ಜಾಗ, ನೆಲಕ್ಕೆ ಹೊಟ್ಟೆ ತಾಗಿಸಿದ ಹಾಗೆ ನಿಲ್ಲುತ್ತಿತ್ತು. ಯಜಮಾನರ ತಾಯಿಯನ್ನು ಊರೆಲ್ಲ ದೊಡ್ಡಮ್ಮ ಅನ್ನುತ್ತಿತ್ತು. ಅವರು ಅದಕ್ಕೆ ಕಪ್ಪೆ ಗಾಡಿ ಎಂದು ಹೆಸರಿಟ್ಟರು. "ಯಾವಾಗ ನೆಗೀತದೋ ನೋಡ್ಕೊಳ್ರಪ್ಪ" ಎಂದು ನಗುತ್ತಿದ್ದರು. ನಕ್ಕರೂ ಅದರಲ್ಲಿ ಕೂತು ಹೋಗುವುದೆಂದರೆ ಅವರಿಗೆ ಆಸೆ.

ಆ ಕಾರಿನ ವಿಷಯ ನನ್ನ ಗಂಡ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಚಕ್ರ ಜಾರಿದರೆ ನಮಗೆ ಗೊತ್ತಾಗುವ ಮೊದಲೇ ಕಾರಿಗೆ ಗೊತ್ತಾಗುತ್ತದಂತೆ. ಜಾರಿದ ಚಕ್ರದ ಬ್ರೇಕನ್ನು ತಾನೇ ಹಿಡಿದು, ಎಂಜಿನ್ನಿನ ಬಲವನ್ನೂ ತಾನೇ ತಗ್ಗಿಸಿ, ಗಾಡಿಯನ್ನು ದಾರಿಗೆ ತರುತ್ತದಂತೆ. ಅದು ಬೇಡವೆಂದರೆ ಒಂದು ಗುಂಡಿ ಇದೆ. ಗುಂಡಿಯ ಮೇಲೆ ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಹಾವಿನ ಹಾಗೆ ಎರಡು ಗೆರೆ. ಯಜಮಾನರು ಭಾನುವಾರ ಕಾರ್ಖಾನೆಯ ಅಂಗಳದಲ್ಲಿ ಆ ಗುಂಡಿ ಒತ್ತಿಕೊಂಡು ಕಾರನ್ನು ಗಿರಗಿರ ತಿರುಗಿಸಿ ಕೆಂಧೂಳು ಎಬ್ಬಿಸುತ್ತಿದ್ದರು. ಕೆಲಸದವರು ಶಿಳ್ಳೆ ಹಾಕುತ್ತಿದ್ದರು. ನನ್ನ ಗಂಡ ದೂರ ನಿಂತು ನೋಡುತ್ತಿದ್ದರು. "ಕಾಯೋನನ್ನ ಮನೇಲಿ ಕೂಡಿಹಾಕಿ ಆಟ ಆಡ್ತಾರೆ" ಅನ್ನುತ್ತಿದ್ದರು. ಆ ಗುಂಡಿಯನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ.

ಆ ದಿನ ಜೀಪು ಮಾಲೂರಿಗೆ ಹೋಗಿತ್ತು. ಗೌನಿಪಲ್ಲಿಯ ತೋಪಿನಲ್ಲಿ ದೊಡ್ಡಮ್ಮ ಕೈಯಾರೆ ನೆಟ್ಟ ರಸಪುರಿ ಮರವೊಂದಿತ್ತು. ಅದರ ಹಣ್ಣನ್ನು ತಾವೇ ನಿಂತು ಕೀಳಿಸಬೇಕು ಎಂದು ಅವರು ಹಟ ಹಿಡಿದರು. ಯಜಮಾನರು ಕೋಲಾರದಲ್ಲಿದ್ದರು, ಫೋನಿನಲ್ಲೇ "ಕಾರು ತಗೊಂಡ್ಹೋಗಿ" ಅಂದರು. ದೊಡ್ಡಮ್ಮ ಮುಂದೆ ಕೂತರು, ಅವರಿಗೆ ಜೊತೆಯಾಗಿ ನಾನು ಹಿಂದೆ, ಹಣ್ಣಿಗೆಂದು ತಂದ ಖಾಲಿ ಚೀಲಗಳ ಪಕ್ಕ, ಮಂಡಿ ಎದೆಗೆ ತಾಗಿಸಿಕೊಂಡು ಕೂತೆ.

ಹೋಗುವಾಗ ಬಿಸಿಲು. ಹಣ್ಣು ಕೀಳುವಾಗ ಮಳೆ ಹೊಡೆಯಿತು. ಹೊರಡೋಣ ಎಂದರೆ ಹಿಂದಿನ ಚಕ್ರಗಳು ಕೆಸರಿನಲ್ಲಿ ಕೂತಿದ್ದವು. ನನ್ನ ಗಂಡ ಆಕ್ಸಿಲರೇಟರ್ ತುಳಿದಷ್ಟೂ ಎಂಜಿನ್ ಮಂಕಾಗುತ್ತಿತ್ತು. ಚಕ್ರ ಜಾರುತ್ತಿದೆ ಎಂದು ಕಾರೇ ಬಲ ತಗ್ಗಿಸುತ್ತಿದ್ದದ್ದು. ಯಜಮಾನರಿಗೆ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು: "ಅಣ್ಣಾ, ಆ ಬಟನ್ನು ಒತ್ತಿ ಹಿಡ್ಕೊಳ್ಳಿ, ದೀಪ ಬರೋವರೆಗೂ. ಗಾಡಿ ಆಚೆ ಬಂದ್ಮೇಲೆ ಇನ್ನೊಂದ್ಸಲ ಒತ್ಬಿಡಿ." ಅಷ್ಟರಲ್ಲಿ ಫೋನ್ ಕಡಿಯಿತು.

ಒತ್ತಿ ಹಿಡಿದರು. ಸ್ಟೇರಿಂಗಿನ ಹಿಂದೆ, ಮುಳ್ಳುಗಳಿರುವ ಗಾಜಿನೊಳಗೆ ಹಳದಿ ದೀಪವೊಂದು ಹತ್ತಿತು. ಅದೇ ಪುಟ್ಟ ಕಾರು, ಅದೇ ಎರಡು ಹಾವು. ಕಾರು ಕೆಸರನ್ನು ಹಿಂದಕ್ಕೆ ಎರಚುತ್ತ, ಕಿರುಚುತ್ತ ಮೇಲೆ ಬಂತು. ದೊಡ್ಡಮ್ಮ ಮಗುವಿನ ಹಾಗೆ ಕೈತಟ್ಟಿದರು.

ಟಾರು ರಸ್ತೆ ಸಿಕ್ಕಿತು. ಹೊತ್ತು ಮುಳುಗುತ್ತಿತ್ತು. ನನ್ನ ಗಂಡ ಆ ಗುಂಡಿಯ ಮೇಲೆ ಬೆರಳಿಟ್ಟರು.

"ಏನ್ಲಾ ಮಾಡ್ತಿದ್ದೀಯ?" ದೊಡ್ಡಮ್ಮ ಕೇಳಿದರು.

"ಈ ದೀಪ ತೆಗೀತೀನಿ ದೊಡ್ಡಮ್ಮ. ಸಾಹೇಬ್ರು ಹೇಳಿದ್ರು."

"ಲೇ, ಬುದ್ಧಿ ಇದೆಯಾ ನಿಂಗೆ? ದೀಪ ಹಚ್ಚೋ ಹೊತ್ನಲ್ಲಿ ಹತ್ತಿರೋ ದೀಪಾನ ಆರಿಸ್ತಾರೇನ್ಲಾ? ಕೆಸರಿಂದ ಎತ್ತಿದ ದೀಪ ಅದು. ಮನೆ ಸೇರೋವರೆಗೂ ಕೊಂಡೆಕ್ಕಬಾರದು ನಾಯನಾ."

ನನ್ನ ಗಂಡ ನಕ್ಕರು. ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ನಾನೂ ನಗುತ್ತಿದ್ದೆ. ದೀಪವೆಂದರೆ ನಮಗೆಲ್ಲ ಒಂದೇ ಅರ್ಥ. "ಆಯ್ತು ದೊಡ್ಡಮ್ಮ, ಉರೀಲಿ ಬಿಡಿ. ನಿಧಾನಕ್ಕೇ ಹೋಗ್ತೀನಿ" ಎಂದು ಬೆರಳು ತೆಗೆದರು.

ನಿಧಾನಕ್ಕೇ ಹೋದರು. ಊರು ಹತ್ತಿರವಾಗುವ ತಿರುವಿನಲ್ಲಿ ಯಾವುದೋ ಟ್ರ್ಯಾಕ್ಟರಿನಿಂದ ಉದುರಿದ ಹಣ್ಣು ಚಕ್ರಗಳಡಿ ನುರಿದು, ಮಳೆನೀರಿನಲ್ಲಿ ಕಲಸಿ, ರಸ್ತೆಗೆ ಶೀಕರಣೆ ಬಳಿದ ಹಾಗಿತ್ತು. ಕಾರಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅವರು ಸ್ಟೇರಿಂಗನ್ನು ಆ ಕಡೆ, ಈ ಕಡೆ ತಿರುಗಿಸಿದ್ದು ಕಂಡೆ. ಭಾನುವಾರ ಅಂಗಳದಲ್ಲಿ ತಿರುಗುತ್ತಿದ್ದ ಹಾಗೆಯೇ ಕಾರು ತಿರುಗಿತು. ಅವರು ಕೂತ ಪಕ್ಕವೇ ಹುಣಸೆಮರಕ್ಕೆ ಬಡಿಯಿತು.

ದೊಡ್ಡಮ್ಮನ ಕೈ ಮುರಿಯಿತು. ನನಗೆ ಹಣೆಯ ಮೇಲೆ ಒಂದು ಗಾಯ, ಅಷ್ಟೆ. ನನ್ನ ಗಂಡ ಅಲ್ಲೇ ಹೋದರು. ಎಂಜಿನ್ ನಿಂತಿತ್ತು. ಆ ಗಾಜಿನೊಳಗೆ ಹತ್ತಿಕೊಂಡಿದ್ದ ಎಷ್ಟೋ ದೀಪಗಳ ನಡುವೆ ಆ ಹಾವಿನ ದೀಪವೂ ಉರಿಯುತ್ತಲೇ ಇತ್ತು.

ಕರ್ಮವೆಲ್ಲ ಮುಗಿದ ಮೇಲೆ ಯಜಮಾನರು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ದೊಡ್ಡಮ್ಮ ಒಳಗೆ, ನನ್ನ ಗಂಡನ ಫೋಟೋದ ಮುಂದೆ ಕೂತಿದ್ದರು. ಯಜಮಾನರು ಹೊರಗೆ ನಿಂತು ದನಿ ತಗ್ಗಿಸಿ ಕೇಳಿದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ತೋಪಿಂದ ಆಚೆ ಬಂದ್ಮೇಲೆ ಅಣ್ಣ ಆ ಬಟನ್ ಒತ್ತಲಿಲ್ವಾ?"

"ಯಾಕೆ?"

"ದೀಪ ಹತ್ತಿದ್ರೆ ಕಾವಲು ಇಲ್ಲ ಅಂತ ಅರ್ಥ ಅಕ್ಕಾ. ಆರಿದ್ರೇನೇ ಕಾವಲು. ಒತ್ತಿದ್ದಿದ್ರೆ ಗಾಡಿ ತಾನೇ ಹಿಡ್ಕೊಳ್ತಿತ್ತೇನೋ."

ಬಾಗಿಲ ಸಂದಿಯಲ್ಲಿ ದೊಡ್ಡಮ್ಮ ಕಾಣುತ್ತಿದ್ದರು. ಒಂದು ಕೈ ಪಟ್ಟಿಯಲ್ಲಿ. ಇನ್ನೊಂದು ಕೈಯಿಂದ ದೀಪದ ಬತ್ತಿಯನ್ನು ಮುಂದಕ್ಕೆ ತಳ್ಳುತ್ತಿದ್ದರು, ಒಂದೇ ಕೈಯಲ್ಲಿ ಆಗದೆ ಮತ್ತೆ ಮತ್ತೆ ತಳ್ಳುತ್ತಿದ್ದರು. ಇದ್ದದ್ದನ್ನು ಹೇಳಿದರೆ ಮಗ ತಾಯಿಯ ಮುಖ ನೋಡುವುದು ಹೇಗೆ, ಆ ತಾಯಿ ಇನ್ನು ಮುಂದೆ ದೀಪ ಹಚ್ಚುವುದು ಹೇಗೆ?

"ಮರೆತ್ರೋ ಏನೋ" ಅಂದೆ.

ಆ ಮಾತು ಊರಿಗೆ ಹೋಯಿತು. ಟೀ ಅಂಗಡಿಯಲ್ಲಿ ಬೇರೆ ಡ್ರೈವರುಗಳು, "ಅಷ್ಟು ವರ್ಷ ಸ್ಟೇರಿಂಗ್ ಹಿಡಿದೋನು ಒಂದು ಬಟನ್ ಮರೆತ ನೋಡು" ಅಂದರಂತೆ. ಮಾಲೂರಿನಲ್ಲಿರುವ ನನ್ನ ನಾದಿನಿಯ ಕಿವಿಗೂ ಬಿತ್ತು. ಅವಳು ಬಂದು ಚೀಲವನ್ನೂ ಕೆಳಗಿಡದೆ ಕೇಳಿದಳು: "ನಮ್ಮಣ್ಣ ಗಾಡಿ ವಿಷಯದಲ್ಲಿ ಏನಾದ್ರೂ ಮರೆತಿದ್ದು ನೋಡಿದ್ದೀರಾ ಅತ್ತಿಗೆ? ಊರೋರು ಅಂದ್ರೆ ಅನ್ಲಿ. ನೀವೇ ಅಂದ್ರಂತಲ್ಲ?" ನಾನು ಕಾಫಿಗೆ ನೀರಿಟ್ಟೆ. ಅವಳು ಕುಡಿಯದೆ ಹೋದಳು. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕರೆ ಕುಂಕುಮದ ತಟ್ಟೆ ಹಿಡಿದುಕೊಂಡು ನನ್ನನ್ನು ದಾಟಿ ಹೋಗುತ್ತಿದ್ದಳು. ನನಗೆ ಕುಂಕುಮ ಬೇಕಿರಲಿಲ್ಲ. ಅವಳ ಒಂದು ಮಾತು ಬೇಕಿತ್ತು.

ದೊಡ್ಡಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ಬೇಸಿಗೆಯಲ್ಲೂ ಆ ಮರದ ಮೊದಲ ಹಣ್ಣು ನಮ್ಮ ಮನೆಗೆ ಬರುತ್ತಿತ್ತು. ನಾನು ತಿನ್ನುತ್ತಿರಲಿಲ್ಲ, ಪಕ್ಕದ ಮನೆಗೆ ಕೊಡುತ್ತಿದ್ದೆ. ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೆ ಸಂಜೆ ದೇವರಿಗೆ ದೀಪ ಹಚ್ಚಲು ನಾನೇ ಹೋಗುತ್ತಿದ್ದೆ. ಒಂದು ದಿನ ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಕೇಳ್ತೀನಿ ಕಣೇ. ಆವತ್ತು ಆರಿಸ್ಬೇಡ ಅಂದ್ನಲ್ಲ, ಆ ದೀಪ… ಕೊನೇವರೆಗೂ ಇತ್ತಾ?"

"ಇತ್ತು ದೊಡ್ಡಮ್ಮ. ಕೊಂಡೆಕ್ಕಲಿಲ್ಲ."

"ಅವನು ಕತ್ತಲಲ್ಲಿ ಹೋಗಲಿಲ್ಲ ಹಂಗಾದ್ರೆ." ಅವರು ಕಣ್ಣು ಮುಚ್ಚಿದರು. "ಅಷ್ಟು ಸಾಕು."

ನಾನು ಎದ್ದು ದೇವರ ದೀಪಕ್ಕೆ ಎಣ್ಣೆ ಹಾಕಿದೆ. ತುಂಬಿ ಹೊರಗೆ ಚೆಲ್ಲಿತು. ಸೆರಗಿನಲ್ಲೇ ಒರೆಸಿದೆ.

ಈಗ ದೊಡ್ಡಮ್ಮನೂ ಇಲ್ಲ. ಮಾಲೂರಿನ ಬಸ್ಸು ಹತ್ತಬೇಕು ಎಂದು ಎಷ್ಟೋ ಬೆಳಿಗ್ಗೆ ಸೀರೆ ಉಟ್ಟು, ಮತ್ತೆ ಮಡಿಚಿಟ್ಟಿದ್ದೇನೆ. ಹೇಳಬೇಕಾದದ್ದು ಒಂದೇ ಮಾತು. ನಿಮ್ಮಣ್ಣ ಮರೆಯಲಿಲ್ಲ. ಅವರ ಬೆರಳು ಆ ಗುಂಡಿಯ ಮೇಲೇ ಇತ್ತು.