ಇಲ್ಲ ಅಂದೋರ ದಾರಿ

ನಮ್ಮ ಮಹಡಿ ಮನೇಲಿ ಬಾಡಿಗೆಗಿರೋ ಮಾಲವಿಕಾ ಮಿಸ್ಸು ಏನು ಕೆಲಸ ಮಾಡ್ತಾರೆ ಅಂತ ನಮ್ಮ ರಸ್ತೇಲಿ ಯಾರಿಗೂ ಗೊತ್ತಿರ್ಲಿಲ್ಲ. ಬೆಳಗ್ಗೆಯಿಂದ ಸಾಯಂಕಾಲದ ತನಕ ಒಬ್ರೇ ಮಾತಾಡ್ತಿರ್ತಾರೆ. ಒಂದ್ಸಲ ಗಂಡಸಿನ ಗಂಟಲು, ಒಂದ್ಸಲ ಮುದುಕಿ ಗಂಟಲು. ಎದುರುಮನೆಯೋಳು "ತಲೆ ಕೆಟ್ಟಿರ್ಬೇಕು" ಅಂದ್ಲು. ಅವಳ ಬಾಯಿಗಷ್ಟು ಮಣ್ಣು ಹಾಕ. ನಾನೇ ಮೇಲೆ ಹೋಗಿ ಕೇಳಿದೆ.

ಕಂಪ್ಯೂಟರಲ್ಲಿ ಪಾಠ ಮಾಡೋದಂತೆ, ಹೊರಗಿನಿಂದ ಬಂದು ಕನ್ನಡ ಕಲಿಯೋರಿಗೆ. ಪುಸ್ತಕದ ಥರ ನೆಟ್ಟಗೆ ಹೋಗೋ ಪಾಠ ಅಲ್ಲ. ಅದರೊಳಗೆ ಯಾರೋ ಒಂದು ಮಾತು ಕೇಳ್ತಾರೆ, ಕೆಳಗೆ ಮೂರು ಉತ್ತರ ಇರ್ತವೆ. ನಾವು ಯಾವ್ದನ್ನ ಒತ್ತುತ್ತೀವೋ ಕಥೆ ಆ ದಾರಿ ಹಿಡಿಯುತ್ತೆ. ಅಲ್ಲಿ ಮತ್ತೆ ಮೂರು. ಅಷ್ಟೂ ದಾರಿ ಇವರೇ ಬರೀಬೇಕು, ಎಲ್ಲರ ಮಾತೂ ಇವರೇ ಆಡ್ಬೇಕು.

"ಯಾವ ದಾರೀಲಿ ಹೋದ್ರೂ ಅಲ್ಲಿ ಮಾತಾಡ್ಸೋಕೆ ಒಬ್ರು ಇರ್ಬೇಕಲ್ವಾ ಅಂಜನಮ್ಮ ಆಂಟಿ?" ಅಂದ್ರು. ಹೌದು ಕಣಮ್ಮ ಅಂದು ಇಳಿದು ಬಂದೆ.

ನಲವತ್ತು ದಾಟಿದ ಹೆಂಗಸು, ಅಯ್ಯಂಗಾರ್ರು. ರಾಜಾಜಿನಗರದಲ್ಲಿ ಸ್ಕೂಲ್ ಟೀಚರಾಗಿದ್ರು. ಹಾಸಿಗೆ ಹಿಡಿದಿದ್ದ ಅಪ್ಪನ್ನ ನೋಡ್ಕೊಳ್ತಾ ಮದುವೆ ವಯಸ್ಸು ಕಳೀತು. ಅಪ್ಪ ಹೋದ ಮೇಲೆ ನಮ್ಮ ಅನ್ನಪೂರ್ಣೇಶ್ವರಿ ನಗರಕ್ಕೆ ಬಂದ್ರು. ಪಾರ್ಸಲ್ ತರೋ ಹುಡುಗರನ್ನ ಬಿಟ್ರೆ ಆ ಮೆಟ್ಟಿಲು ಹತ್ತೋರು ಒಬ್ಬರಿಲ್ಲ. ನಾವೋ ಒಕ್ಕಲಿಗರು, ಭಾನುವಾರ ಬಂತು ಅಂದ್ರೆ ಒಲೆ ಮೇಲೆ ಕೋಳಿ ಇರ್ಲೇಬೇಕು. ಅಂಥೋರನ್ನ ಊಟಕ್ಕೆ ಕರೆದು ಪೇಚಿಗೆ ಸಿಕ್ಕಿಸೋದು ಯಾಕೆ? ಹಬ್ಬಕ್ಕೆ ಹಣ್ಣು, ಕಾಯಿ, ಹೂವು ಕೊಡ್ತೀನಿ. ಅವರ ಆಚಾರಕ್ಕೆ ನಾವು ಕೊಡೋ ಮರ್ಯಾದೆ ಅದು.

ಮೊನ್ನೆ ಒಂದಿನ ಮಧ್ಯಾಹ್ನ ಫೋನ್ ಹಿಡ್ಕೊಂಡು ಕೆಳಗೆ ಬಂದ್ರು. ಮುಖ ಸಪ್ಪಗಿತ್ತು. ಅವರ ಕಂಪನೀಲಿ ಗೌತಮ್ ಅಂತ ಒಬ್ಬ ಮೇಲಿನೋನು. ಒಂದು ಪಾಠದಲ್ಲಿ ಒಂದು ದಾರಿಗೆ ಇಲ್ಲೀವರೆಗೆ ಯಾರೂ ಕಾಲಿಟ್ಟಿಲ್ಲ, ಶುಕ್ರವಾರ ಕಿತ್ತು ಹಾಕ್ತೀವಿ ಅಂದಿದ್ದಾನೆ.

"ನೀವೊಂದ್ಸಲ ಆ ದಾರೀಲಿ ಹೋಗ್ತೀರಾ ಆಂಟಿ? ನಾನು ಹೋದ್ರೆ ಲೆಕ್ಕಕ್ಕೆ ಬರಲ್ಲ. ಅದೊಂದು ಉಳೀಬೇಕು."

ಒಂದು ದಾರಿ ಹೋದ್ರೆ ಯಾವ ಗಂಟು ಹೋಗುತ್ತೆ ಅಂದ್ಕೊಂಡೆ. ಆದ್ರೆ ಆ ಹೆಣ್ಣಿನ ಕಣ್ಣು ನೋಡಿ ಫೋನ್ ಇಸ್ಕೊಂಡೆ.

ಪಾಠ ಶುರುವಾಯ್ತು. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಮೆಟ್ಟಿಲ ಹತ್ರ ನಿಂತಿದ್ದಾಳೆ. ಓನರ್ ಹೆಂಗಸು, ಮೂಗುಬೊಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಥೇಟ್ ನಾನೇ. "ಊಟ ಆಯ್ತಾ?" ಅಂತ ಕೇಳ್ತಾಳೆ. ಕೆಳಗೆ ಮೂರು ಉತ್ತರ: ಆಯ್ತು, ನಿಮ್ದು? ಆಮೇಲೆ ಮಾಡ್ತೀನಿ. ಇಲ್ಲ.

ಕೈ ತಾನಾಗೇ ಆಯ್ತು ಅನ್ನೋದನ್ನ ಒತ್ತಿಬಿಡ್ತು. "ಸರಿ ಹಾಗಾದ್ರೆ" ಅಂದು ಆ ಹೆಂಗಸು ಒಳಗೆ ಹೋದ್ಲು. ಪಾಠ ಮುಗೀತು.

"ಎಲ್ರೂ ಹೀಗೇ ಒತ್ತೋದು," ಅಂದ್ರು ಮಿಸ್ಸು.

"ಇನ್ನೇನು ಮತ್ತೆ? ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ರೆ ಇಲ್ಲ ಅಂತಾರಾ ಯಾರಾದ್ರೂ? ಹೊಟ್ಟೆ ಚುರುಗುಟ್ತಿದ್ರೂ ಆಯ್ತು ಅನ್ಬೇಕು."

"ಇನ್ನೊಂದ್ಸಲ ಶುರು ಮಾಡಿ, ಇಲ್ಲ ಅಂತ ಒತ್ತಿ ಆಂಟಿ."

ಒತ್ತಿದೆ. "ಇಷ್ಟು ಹೊತ್ತಾಯ್ತಲ್ಲೇ, ಬಾ ಒಳಗೆ. ಕೈ ತೊಳ್ಕೋ," ಅಂದ್ಲು ಆ ಹೆಂಗಸು. ಮಿಸ್ಸೇ ನನ್ನ ಗಂಟಲು ಮಾಡ್ಕೊಂಡು ಆಡಿದ್ದು. "ನಮ್ಮನೇಲಿ ಮುದ್ದೆ, ಸೊಪ್ಪಿನ ಸಾರು. ನಿಂಗೆ ನಡೆಯುತ್ತಾ?" ಅದಕ್ಕೂ ಮೂರು ಉತ್ತರ: ನಡೆಯುತ್ತೆ. ನಂಗೆ ಇಷ್ಟ. ಬಡಿಸಿ.

"ಬೇಡ ಅನ್ನೋದನ್ನ ಹಾಕೋದು ಮರೆತ್ರಾ ಮಿಸ್?"

"ಮರೆತಿಲ್ಲ ಆಂಟಿ," ಅಂದು ಅವರು ನೆಲ ನೋಡಿದ್ರು.

ದಾರಿ ಉದ್ದಕ್ಕೆ ಹೋಗ್ತಾನೇ ಇತ್ತು. ಗುಬ್ಬಿ ಥರ ತಿಂತೀಯಲ್ಲೇ ಅಂತ ಬೈತಾಳೆ, ಮೊನ್ನೆ ಜ್ವರ ಬಂದಿತ್ತಲ್ಲ ಹೇಗಿದೀಯಾ ಅಂತಾಳೆ, ನಿಮ್ಮಪ್ಪ ಹೇಗಿದ್ರು ಹೇಳು ಅಂತಾಳೆ. ಕನ್ನಡ ಕಲಿಯೋರಿಗೆ ಇಷ್ಟೆಲ್ಲ ಯಾಕೆ ಬೇಕು? ಇದು ಅವರಿಗೆ ಅಂತ ಬರೆದದ್ದಲ್ಲ. ಆ ಹೆಂಗಸು ಎಲ್ಲಾ ಥರದಲ್ಲೂ ನನ್ನ ಹಾಗೇ, ನಾನು ಆಡದ ಮಾತು ಆಡ್ತಾಳೆ ಅಷ್ಟೆ.

ಶುಕ್ರವಾರ ಬೆಳಗ್ಗೇನೇ ಚಂದ್ರಾ ಲೇಔಟಿಗೆ ಹೋಗಿ ಪಾತ್ರೆ ಅಂಗಡೀಲಿ ಹೊಸ ಸ್ಟೀಲ್ ಪಾತ್ರೆ, ತಟ್ಟೆ, ಸೌಟು ತಂದೆ. ತೊಳೆದು, ಒಲೆ ಕಟ್ಟೆ ಉಜ್ಜಿ, ದಂಟಿನ ಸೊಪ್ಪಿನ ಸಾರು ಮಾಡಿದೆ. ಮಿಸ್ಸು ಮಧ್ಯಾಹ್ನ ಇಳಿದು ಬಂದ್ರು. ಹೊಸಲು ದಾಟದೆ ನಿಂತ್ರು.

"ತೆಗೆದುಬಿಟ್ರು ಆಂಟಿ. ಒಬ್ರು ಹೋದ್ರೆ ಸಾಲದಂತೆ."

"ಹಾಳಾಗಿ ಹೋಗ್ಲಿ. ಬಾ ಒಳಗೆ," ಅಂದೆ. ಯಾವಾಗ್ಲೂ ಬನ್ನಿ, ಹೋಗಿ ಅನ್ನೋ ಬಾಯಿಗೆ ಅವತ್ತು ಬಾ ಅಂತಲೇ ಬಂತು. ಬಂದು ಕೂತ್ಲು. ಮುದ್ದೆ ಇಟ್ಟು ಸಾರು ಬಿಟ್ಟೆ. ನಂಗೂ ಒಂಚೂರು ಜಂಬ.

"ಮುಜುಗರ ಇಲ್ದೆ ಉಣ್ಣು. ಪಾತ್ರೆ ಹೊಸದು, ತಟ್ಟೇನೂ ಹೊಸದು. ಮಾಂಸದ ಸೋಂಕಿಲ್ಲ. ಇವನ್ನ ನಿಂಗೇ ಅಂತ ಬೇರೆ ಎತ್ತಿಟ್ಟಿರ್ತೀನಿ."

ತಟ್ಟೆಗೆ ಹೋದ ಅವಳ ಕೈ ಅಲ್ಲೇ ನಿಂತಿತು. ಅಂಗಡಿಯೋರು ಅಂಟಿಸಿದ್ದ ರೇಟಿನ ಚೀಟಿ ತಟ್ಟೆ ಅಂಚಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನೇ ಉಗುರಲ್ಲಿ ಕೆರೀತಾ ಕೂತ್ಲು.

"ಬೇರೆ ಇದ್ದೂ ಇದ್ದೂ ಸಾಕಾಗಿದೆ ಆಂಟಿ," ಅಂದ್ಲು. "ನೀವೆಲ್ಲ ಉಣ್ಣೋ ತಟ್ಟೇಲೇ ಹಾಕಿಕೊಡಿ."

ಅಷ್ಟು ಅಂದು ಅಳೋಕೆ ಶುರು ಮಾಡಿದ್ಲು. ನಾನು ಎದ್ದು ಸ್ಟ್ಯಾಂಡಿಂದ ನಾನು ದಿನಾ ಉಣ್ಣೋ ತಟ್ಟೆ ತಂದು, ಮುದ್ದೆ ಅದಕ್ಕೆ ಹಾಕಿ, ಪಕ್ಕದಲ್ಲೇ ಕೂತೆ.